ಏರ್‌ಲೈನ್ ಲೌಂಜಾ, ಕಾರ್ಡ್ ಲೌಂಜಾ, ಗೇಟ್ ಹತ್ತಿರದ ಕಾಫಿಯಾ?

ವಿಮಾನ ನಿಲ್ದಾಣದಲ್ಲಿ ಕೂತು ತಿಂದು ಕಾಯುವ ಕೋಣೆಯೇ ಲೌಂಜ್. ಖರ್ಚು ನೋಡಿದರೆ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ಮೇಲೆ ಒಳಬಿಡುವ ಕಾರ್ಡ್ ಲೌಂಜ್ ಅಗ್ಗ. ಕೆಲವು ಕಾರ್ಡ್‌ಗಳಲ್ಲಿ 2 ರೂಪಾಯಿ ಉಜ್ಜಿದರೆ ಒಳಗೆ. ಆದರೆ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಎಂಬ ಷರತ್ತು ಈಗ ಜಾಸ್ತಿ. ಮನೆಯಲ್ಲೇ ನೋಡಿಕೊಳ್ಳಿ.

ಏರ್‌ಲೈನ್ ಲೌಂಜ್‌ಗೆ ಬಿಸಿನೆಸ್ ಟಿಕೆಟ್ ಅಥವಾ ಸ್ಟಾರ್ ಅಲಯನ್ಸ್ (ಹಲವು ಏರ್‌ಲೈನ್‌ಗಳ ಒಕ್ಕೂಟ) ಪದೇಪದೇ ಹಾರುವವರಿಗೆ ಕೊಡುವ ಗೋಲ್ಡ್‌ನಂಥ ದರ್ಜೆ ಬೇಕು. ಗೋಲ್ಡ್ ಇದ್ದರೆ ಎಕಾನಮಿ ಟಿಕೆಟ್‌ಗೂ ಪ್ರವೇಶ, ಜೊತೆಗೆ ಒಬ್ಬ ಅತಿಥಿ.

ನೆಮ್ಮದಿ ಬೇರೆ ಮಾತು. ಒಮ್ಮೆ ಕಾರ್ಡ್ ಲೌಂಜ್‌ನಲ್ಲಿ ತಟ್ಟೆ ಹಿಡಿದು ಕುರ್ಚಿಗೆ ಕಾದೆ. ಇಡ್ಲಿ ಆರಿತು, ಚಟ್ನಿ ಅಂಗಿಗೆ ಬಿತ್ತು! ಏರ್‌ಲೈನ್ ಲೌಂಜ್‌ನಲ್ಲಿ ಸಾಮಾನ್ಯವಾಗಿ ಜನ ಕಮ್ಮಿ.

ನಾಲ್ಕೈದು ಗಂಟೆ ಕಾಯುವುದಿದ್ದು, ಸ್ನಾನ ಬೇಕೆಂದರೆ ಏರ್‌ಲೈನ್ ಲೌಂಜ್. ಎರಡು ಗಂಟೆ, ಹೊಟ್ಟೆ ಹಸಿವು ಎಂದರೆ ಕಾರ್ಡ್ ಸಾಕು. ಮುಕ್ಕಾಲು ಗಂಟೆಯಷ್ಟೇ ಇದ್ದರೆ ಸುಮ್ನೆ ಗೇಟ್ ಹತ್ತಿರ ಫಿಲ್ಟರ್ ಕಾಫಿ ಕುಡಿಯಿರಿ.