ಕಾಫಿ ಕಣದ ಪಕ್ಕ ಓದಲು ಜೇಬಿನ ಗಾತ್ರದ ಕಗ್ಗ

ಹುತ್ತರಿ ಕಳೆದು ಕಾಫಿ ಕೊಯ್ಲು ಬಿರುಸಾದರೆ ಕೊಡಗಿನಲ್ಲಿ ದಪ್ಪ ಪುಸ್ತಕಕ್ಕೆ ಪುರುಸೊತ್ತಿಲ್ಲ. ಕಣದಲ್ಲಿ ಹರಡಿದ ಹಣ್ಣನ್ನು ತಾಸಿಗೊಮ್ಮೆಯಾದರೂ ಕೆದಕಬೇಕು, ಇಲ್ಲವಾದರೆ ಅಡಿಯದಕ್ಕೆ ಬೂಷ್ಟು ಹಿಡಿಯುತ್ತದೆ. ಆ ನಡುವಿನ ಹೊತ್ತಿಗೆ ನಾಲ್ಕು ಸಾಲಿನ ಪದ್ಯ ಹೇಳಿ ಮಾಡಿಸಿದಂತಿರುತ್ತದೆ. 1943ರಲ್ಲಿ ಬಂದ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ವನ್ನು ಮತ್ತೆ ಕೈಗೆತ್ತಿಕೊಳ್ಳಲು ಇದೇ ಕಾಲ. ಆದರೆ ಯಾವ ಪ್ರತಿ?

ಬರೀ ಮೂಲ ಪದ್ಯಗಳಿರುವ ಜೇಬಿನ ಗಾತ್ರದ ಪ್ರತಿಗೆ ಐದಕ್ಕೆ ಮೂರೂವರೆ ಕೊಡಬಹುದು. ಸ್ವೆಟರಿನ ಜೇಬಿಗೆ ಇಳಿಯುತ್ತದೆ, ಒಂದೇ ಕೈಯಲ್ಲಿ ನಿಲ್ಲುತ್ತದೆ. ಕೈಕೊಡುವುದು ಬೆನ್ನು. ಬರೀ ಅಂಟು ಹಾಕಿದ ಬೈಂಡಿಂಗ್ ಚಳಿಗೆ ಸೆಟೆದುಕೊಳ್ಳುತ್ತದೆ. ಪೂರ್ತಿ ಅಗಲಿಸಿ ಮಗುಚಿಟ್ಟರೆ ಬಿರುಕು ಬಿಟ್ಟು ಹಾಳೆ ಉದುರುತ್ತದೆ. ಕೊಳ್ಳುವಾಗ ನಡುಪುಟಗಳನ್ನು ಬಿಡಿಸಿ ನೋಡಿ: ಮಡಿಕೆಯಲ್ಲಿ ದಾರ ಕಂಡರೆ ಹೊಲಿಗೆ ಇದೆ, ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅದೇ ಇರಲಿ.

ಎರಡನೆಯ ಕೊರತೆ ಪದವಿಭಾಗ ಇಲ್ಲದಿರುವುದು. ಮೊದಲ ಪದ್ಯದಲ್ಲೇ ‘ಕಾಣದೊಡಮಳ್ತಿಯಿಂ’ ಎದುರಾಗುತ್ತದೆ. ಕಾಣದೊಡಂ, ಅಳ್ತಿಯಿಂ ಎಂದು ಒಡೆದರೆ ‘ಕಾಣದಿದ್ದರೂ ಅಕ್ಕರೆಯಿಂದ’ ಎಂದು ತಿಳಿಯಾಗುತ್ತದೆ. ಒಡೆಯದಿದ್ದರೆ ‘ಮಳ್ತಿ’ ಎಂಬ ಇಲ್ಲದ ಪದವನ್ನು ನಿಘಂಟಿನಲ್ಲಿ ಹುಡುಕುತ್ತ ಕೂರಬೇಕು. ಪ್ರತಿ ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ: ಒಮ್ಮೆ ಸಾಲಿನ ಎರಡನೆಯ ಅಕ್ಷರದ ಪ್ರಾಸ ಹಿಡಿಯಲು, ಇನ್ನೊಮ್ಮೆ ಪದ ಒಡೆಯಲು. ಹೊಸಬರಿಗೆ ತಾತ್ಪರ್ಯವಿರುವ ದೊಡ್ಡ ಪ್ರತಿ ಮನೆಯಲ್ಲಿರಲಿ, ಆದರೆ ಅರ್ಥ ಮೊದಲೇ ಓದಿದರೆ ಪದ್ಯ ಸತ್ತಂತೆ.

ಒಟ್ಟು 945 ಪದ್ಯ. ದಿನಕ್ಕೆ ಹತ್ತು ಎಂದು ಹಟ ಹಿಡಿದರೆ ಫೆಬ್ರವರಿಯೊಳಗೆ ಬಹುಪಾಲು ಮುಗಿದೀತು, ತಲೆಯಲ್ಲಿ ಏನೂ ಉಳಿಯದು. ಮೂರು ಸಾಕು. ಸಂಜೆ ಒಲೆಯ ಮುಂದೆ ಕೊಡಗಿನ ಗೌರಮ್ಮನವರ ಒಂದು ಸಣ್ಣ ಕಥೆ ಜೊತೆಗಿದ್ದರೆ ನಾಲಿಗೆಗೆ ರುಚಿ ಬದಲಾಗುತ್ತದೆ.

ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೇ ತೇವ ಕೂಡಿಹಾಕುತ್ತದೆ. ಖಾಕಿ ಕಾಗದ ಸಾಕು. ಮಳೆಗಾಲದ ಮುಗ್ಗಲು ವಾಸನೆ ಹೋಗಲು ಮಂಜು ಕರಗಿದ ಮೇಲೆ, ಹನ್ನೊಂದರ ನಂತರ, ಜಗಲಿಯ ನೆರಳಲ್ಲಿ ಹಾಳೆ ಬಿಡಿಸಿ ನಿಲ್ಲಿಸಿ. ಕಾಫಿಯ ಜೊತೆ ಬಿಸಿಲಿಗೆ ಹಾಕಬೇಡಿ: ಹಾಳೆ ಹಳದಿಯಾಗುತ್ತದೆ, ಅಂಟೂ ಪುಡಿಯಾಗುತ್ತದೆ.