ಪಿಚಿಂಗ್ ಮ್ಯಾಟ್: ದಿಕ್ಕನ್ನು ತಿದ್ದುತ್ತದೆ, ನಿಯಮವನ್ನು ಕಲಿಸುವುದಿಲ್ಲ

ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಎಂದರೆ ಚೆಂಡನ್ನು ಕೆಳಗೈಯಿಂದ ವೇಗವಾಗಿ ಎಸೆಯುವ, ಬೇಸ್‌ಬಾಲನ್ನು ಹೋಲುವ ಆಟ. ಅದರಲ್ಲಿ ಚೆಂಡು ಎಸೆಯುವ ಪಿಚರ್‌ಗಳ ಅಭ್ಯಾಸಕ್ಕೆಂದು ಮಾರಾಟವಾಗುವ ಈ ಮ್ಯಾಟ್ ಕೃತಕ ಹುಲ್ಲಿನದು. ಅದರ ಒಂದು ತುದಿಯಲ್ಲಿ ಪಿಚರ್ ಪಾದವೂರಿ ನಿಲ್ಲುವ, 24 ಅಂಗುಲ ಉದ್ದ, 6 ಅಂಗುಲ ಅಗಲದ ರಬ್ಬರ್ ಪ್ಲೇಟ್ ಇದ್ದು, ಅದರ ನಡುವಿನಿಂದ ಎಸೆತದ ದಿಕ್ಕಿಗೆ ಹೊರಡುವ ಬಿಳಿ ಗೆರೆಯನ್ನು ಪವರ್ ಲೈನ್ ಎನ್ನುತ್ತಾರೆ. ನಿಯಮಬದ್ಧ ಪಾದಚಲನೆ ಇದರಿಂದ ರೂಢಿಯಾಗುತ್ತದೆ ಎಂಬ ತಯಾರಕರ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ.

ದಿಕ್ಕಿನ ಮಟ್ಟಿಗೆ ಗೆರೆ ನಿಜಕ್ಕೂ ಉಪಯುಕ್ತ. ಮುಂಗಾಲು ಗೆರೆಯನ್ನು ದಾಟಿ ಅಡ್ಡಬಿದ್ದರೆ ಸೊಂಟವೇ ತೋಳಿನ ದಾರಿಯನ್ನು ತಡೆಯುತ್ತದೆ. ಆ ತಪ್ಪು ಇಲ್ಲಿ ಒಡನೆಯೇ ಕಣ್ಣಿಗೆ ಬೀಳುತ್ತದೆ. ಆದರೆ ನಿಯಮ ಕೇಳುವುದು ಪ್ಲೇಟಿನ ಉದ್ದದಷ್ಟೇ ಅಗಲದ, ಅಂದರೆ 24 ಅಂಗುಲದ ಹಾದಿಯೊಳಗಿನ ಹೆಜ್ಜೆಯನ್ನೇ ಹೊರತು ಗೆರೆಯ ಮೇಲಿನ ಹೆಜ್ಜೆಯನ್ನಲ್ಲ. ಹಾದಿಯ ಎರಡು ಅಂಚುಗಳನ್ನೂ ಗುರುತಿಸಿದ್ದರೆ ಕಲಿಯುವವರಿಗೆ ಈ ಗೊಂದಲವೇ ಇರುತ್ತಿರಲಿಲ್ಲ.

ದೊಡ್ಡ ಕೊರತೆ ಇರುವುದು ಪಿವಟ್ ಕಾಲಿನ, ಅಂದರೆ ಪ್ಲೇಟನ್ನು ತಳ್ಳಿ ಹೊರಡುವ ಹಿಂಗಾಲಿನ, ವಿಷಯದಲ್ಲಿ. ಪ್ಲೇಟನ್ನು ಬಿಟ್ಟ ಆ ಪಾದ ಮುಂದೆ ಮತ್ತೊಂದೆಡೆ ಊರಿ, ಅಲ್ಲಿಂದ ಎರಡನೇ ಬಾರಿ ನೆಲವನ್ನು ತಳ್ಳಿದರೆ ಅದು ಕ್ರೋ ಹಾಪ್. ಅಂಪೈರ್ ಅದನ್ನು ಅಕ್ರಮ ಪಿಚ್ (ನಿಯಮಬಾಹಿರ ಎಸೆತ) ಎಂದು ಘೋಷಿಸುತ್ತಾರೆ. ಎರಡೂ ಪಾದಗಳು ಗಾಳಿಯಲ್ಲಿರುವ ಲೀಪ್ (ನೆಗೆತ) ಬೇರೆಯೇ ಸಂಗತಿ. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ 2024ರ ಋತುವಿನಿಂದ ಅದಕ್ಕೆ ಅವಕಾಶ ಸಿಕ್ಕಿದ್ದರೂ ಮರು ಊರಿ ತಳ್ಳುವುದು ಅಲ್ಲಿಯೂ ನಿಷಿದ್ಧ. ಮಣ್ಣಿನ ಮೇಲಾದರೆ ನೆಲಕ್ಕೆ ತಾಗುತ್ತ ಸಾಗುವ ಪಿವಟ್ ಪಾದದ ಬೆರಳ ತುದಿ ಎಳೆದ ಗೀರು ಎಲ್ಲಿ ಕಡಿದಿದೆ ಎಂಬುದರಿಂದ ಪಾದ ಎದ್ದದ್ದು ಗೊತ್ತಾಗುತ್ತದೆ, ಹುಲ್ಲುಹಾಸು ಅಂಥ ಯಾವ ಗುರುತನ್ನೂ ಉಳಿಸುವುದಿಲ್ಲ. ಮೇಲಾಗಿ ಒರಟು ಹುಲ್ಲಿಗೆ ಶೂವಿನ ಮೂತಿ ಸಿಕ್ಕಿಕೊಳ್ಳುವುದರಿಂದ ಎಳೆಯಬೇಕಾದ ಪಾದವನ್ನು ಎತ್ತುವ ಚಾಳಿ ಬೆಳೆಯುತ್ತದೆ. ನಿಯಮ ಕಲಿಸಲು ಬಂದ ಸಾಧನವೇ ಹೀಗೆ ಮಾಡುವುದು ವಿಚಿತ್ರ. ಪಕ್ಕದಿಂದ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡದ ಹೊರತು ಈ ದೋಷ ತಿಳಿಯದು.

ಪ್ಲೇಟು ಹಾಸಿಗಿಂತ ತುಸು ಎತ್ತರವಾಗಿದೆ. ಮೈದಾನದಲ್ಲಿ ಅದು ನೆಲಕ್ಕೆ ಸಮನಾಗಿರಬೇಕಾದ್ದರಿಂದ, ಇಲ್ಲಿ ಅಂಚಿಗೆ ಹಿಮ್ಮಡಿ ಒತ್ತಿ ಚಿಮ್ಮಲು ಕಲಿತವರಿಗೆ ಅಲ್ಲಿ ಆ ಆಸರೆ ದೊರೆಯುವುದಿಲ್ಲ. ತೋಳಿನ ಸುತ್ತು, ಮಣಿಕಟ್ಟಿನ ಸ್ಥಾನ ಇತ್ಯಾದಿಗಳಿಗೆ ಮ್ಯಾಟ್‌ನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಕಾಂಕ್ರೀಟ್ ನೆಲದ ಒಳಾಂಗಣದಲ್ಲಿ ಅಭ್ಯಾಸ ಮಾಡುವವರು ಇದನ್ನು ಕೊಳ್ಳಬಹುದು. ಮಣ್ಣಿನ ಅಂಕಣ ಸಿಗುವವರಿಗೆ ಇದರ ಅಗತ್ಯವಿಲ್ಲ. ಕೊಳ್ಳುವ ಮೊದಲು ಪಿಚರ್‌ನ ಹೆಜ್ಜೆಯ ಉದ್ದವನ್ನು ಅಳೆಯಬೇಕು, ಏಕೆಂದರೆ ನೀಳ ಹೆಜ್ಜೆಯವರ ಮುಂಗಾಲು ಹಾಸಿನ ಅಂಚಿಗೇ ಬಿದ್ದು ಜಾರುವ ಅಪಾಯವಿದೆ.