ಪಿಎಸ್‌ಡಿ-95 ಆ್ಯಂಟಿಬಾಡಿ, ಕ್ಲೋನ್ ಕೆ28/43: ಬ್ಲಾಟ್‌ಗೆ ಕಣ್ಣುಮುಚ್ಚಿ ತಗೊಳ್ಳಿ

ಮಿಕ್ಸಿಗೆ, ಫ್ರಿಜ್ಜಿಗೆ ರಿವ್ಯೂ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಬೇಕಾದ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಆ್ಯಂಟಿಬಾಡಿಗೂ ಒಂದು ಇರಲಿ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಲಿ ಮಿದುಳಿನ ಪ್ರೋಟೀನ್ ಅಳೆಯುತ್ತೇನೆ. ಅಳೆಯುವುದು ಬ್ಲಾಟ್‌ನಲ್ಲಿ: ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರೆ ಮಾಡಿ ಹಾಳೆಗೆ ಇಳಿಸಿದರೆ, ಆ್ಯಂಟಿಬಾಡಿ ಅಂಟಿದ ಕಡೆ ಗೆರೆ (ಬ್ಯಾಂಡ್) ಕಾಣುತ್ತದೆ. ಆಟಿಸಂಗೆ ಸಂಬಂಧಪಟ್ಟ ಜೀನ್ ಕೆಟ್ಟಾಗ ಸಿನಾಪ್ಸ್‌ನಲ್ಲಿ, ಅಂದರೆ ಎರಡು ನರಕೋಶ ಸೇರುವ ಕಡೆ, ಏನು ಏರುಪೇರಾಗುತ್ತದೆ ಅನ್ನುವುದು ನಮ್ಮ ಪ್ರಶ್ನೆ.

ಪಿಎಸ್‌ಡಿ-95 ಅನ್ನುವ ಪ್ರೋಟೀನ್ ಇರುವುದು ಸಿನಾಪ್ಸ್‌ನ ಸಂದೇಶ ಪಡೆಯುವ ಬದಿಯಲ್ಲಿ. ಒಂಥರಾ ಎಕ್ಸ್‌ಟೆನ್ಷನ್ ಬೋರ್ಡ್. ಅದಕ್ಕೆ ಪಿಡಿಝಡ್ ಅನ್ನುವ ಮೂರು ಸಾಕೆಟ್. ಆಟಿಸಂ ನಂಟಿನ ಪ್ರೋಟೀನ್‌ಗಳಲ್ಲಿ ನ್ಯೂರೋಲಿಜಿನ್, ಸಿನ್‌ಗ್ಯಾಪ್ ನೇರವಾಗಿ ಬಂದು ಅಂಟಿಕೊಳ್ಳುತ್ತವೆ. ಶ್ಯಾಂಕ್3 ಮಾತ್ರ ನಡುವೆ ಇನ್ನೊಂದು ಪ್ರೋಟೀನ್ ಹಿಡಿದುಕೊಂಡು ಬರುತ್ತದೆ. 2003ರಲ್ಲಿ ಸ್ವೀಡನ್ನಿನ ಇಬ್ಬರು ಅಣ್ಣತಮ್ಮಂದಿರಲ್ಲಿ ನ್ಯೂರೋಲಿಜಿನ್-3ರ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದು ಸಿಕ್ಕಿತು. ಒಬ್ಬನಿಗೆ ಆಟಿಸಂ, ಇನ್ನೊಬ್ಬನಿಗೆ ಆಸ್ಪರ್ಗರ್. ಆಮೇಲೆ ಈ ಬೋರ್ಡಿನ ಸುತ್ತಮುತ್ತ ಹುಡುಕಾಟ ಜೋರಾಯಿತು.

ಈಗ ಸರಕಿನ ವಿಷಯ. ಕೆ28/43 ಅನ್ನುವ ಈ ಕ್ಲೋನ್, ಅಂದರೆ ಆ್ಯಂಟಿಬಾಡಿ ತಯಾರಿಸುವ ಕೋಶದ ತಳಿ, ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವಿಶ್ವವಿದ್ಯಾಲಯದ ಆ್ಯಂಟಿಬಾಡಿ ಕೇಂದ್ರ ನ್ಯೂರೋಮ್ಯಾಬ್‌ನಲ್ಲಿ. ಪಿಎಸ್‌ಡಿ-95ಕ್ಕೆ ಅದರದೇ ತದ್ರೂಪಿನ ಸಂಬಂಧಿಕರಿದ್ದಾರೆ: ಪಿಎಸ್‌ಡಿ-93, ಎಸ್‌ಎಪಿ97, ಎಸ್‌ಎಪಿ102. ಇದು ಅವುಗಳ ತಂಟೆಗೆ ಹೋಗುವುದಿಲ್ಲ. ಹಿಂದೆ ನಾವು ಬೇರೆ ಕಂಪನಿಯ ಒಂದನ್ನು ತರಿಸಿದ್ದೆವು, ಹೆಸರು ಬೇಡ. ಬ್ಲಾಟ್ ತುಂಬಾ ಬ್ಯಾಂಡೇ ಬ್ಯಾಂಡು. ಯಾವುದನ್ನು ಅಳೆಯೋದು ಹೇಳಿ! ಇದರಲ್ಲಿ ಶೇಕಡಾ 5ರ ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡಿ (ಬೇಡದ ಕಡೆ ಅಂಟದ ಹಾಗೆ ಮುಚ್ಚಿ), ರಾತ್ರಿ ಕೋಲ್ಡ್ ರೂಮಿನಲ್ಲಿ ಅಲುಗಾಡಲು ಬಿಟ್ಟರೆ ಬೆಳಿಗ್ಗೆ 95 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಮಾರ್ಕರ್ ಹತ್ತಿರ ದಪ್ಪಗೆ ಒಂದು ಗೆರೆ. ಸುತ್ತ ಬಿಳಿ.

ನಮಗೆ ಇದು ಜಾಸ್ತಿ ಬೇಕಾಗುವುದು ಸ್ಯಾಂಪಲ್ ಪರೀಕ್ಷೆಗೆ. ಸಕ್ಕರೆ ದ್ರಾವಣದಲ್ಲಿ ಮಿದುಳು ಅರೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಡಿಟರ್ಜೆಂಟ್ ಹಾಕಿ ಸಿನಾಪ್ಸ್‌ನ ಎರಡು ಬದಿ ಬೇರೆ ಮಾಡುತ್ತೇವೆ. ತಳದ ಗಸಿಯಲ್ಲಿ ಪಿಎಸ್‌ಡಿ-95 ಗಾಢವಾಗಿ ಕಾಣಬೇಕು, ಸಂದೇಶ ಕಳಿಸುವ ಆಚೆ ಬದಿಯ ಪ್ರೋಟೀನ್ ಸಿನಾಪ್ಟೋಫೈಸಿನ್ ಅಲ್ಲಿ ಕಾಣಬಾರದು. ಕಂಡರೆ ಬೇರ್ಪಡಿಕೆಯೇ ಸರಿಯಾಗಿಲ್ಲ. ಸಿನ್‌ಗ್ಯಾಪ್ ಜೀನಿನ ಒಂದು ಪ್ರತಿ ಕೆಟ್ಟ ಇಲಿಯಲ್ಲಿ ಆ ಪ್ರೋಟೀನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಥ ಅರ್ಧವನ್ನು ನಂಬಬೇಕಾದರೆ ಮೊದಲು ಸ್ಯಾಂಪಲ್ ನೆಟ್ಟಗಿರಬೇಕು ಅಲ್ವಾ?

ತಕರಾರೂ ಇದೆ. ಫಾರ್ಮಾಲ್ಡಿಹೈಡ್‌ನಲ್ಲಿ ಜಾಸ್ತಿ ಹೊತ್ತು ಇಟ್ಟ ಮಿದುಳಿನ ಸೀಳಿನಲ್ಲಿ ಇದು ಮಂಕು. ಕಡಿಮೆ ಹೊತ್ತು ಫಿಕ್ಸ್ ಮಾಡಿದರೆ ಚುಕ್ಕಿಗಳು ಎದ್ದು ಕಾಣುತ್ತವೆ. ಅಲ್ಲದೆ ಇದು ಇಲಿಯದೇ ಆ್ಯಂಟಿಬಾಡಿ. ಇಲಿ ಮಿದುಳಿಗೆ ಹಾಕಿದರೆ ಸೆಕೆಂಡರಿ, ಅಂದರೆ ಇದನ್ನು ಹಿಡಿದು ತೋರಿಸುವ ಎರಡನೇ ಆ್ಯಂಟಿಬಾಡಿ, ಇಲಿಯ ಸ್ವಂತ ಆ್ಯಂಟಿಬಾಡಿ ಇರುವ ರಕ್ತನಾಳಗಳಲ್ಲೂ ಹೋಗಿ ಕೂರುತ್ತದೆ. ರಕ್ತ ಚೆನ್ನಾಗಿ ತೊಳೆದು ತೆಗೆದರೆ ಪರವಾಗಿಲ್ಲ. ಇನ್ನು ಪಾರ್ಸೆಲ್: ನಮ್ಮದು ಕಸ್ಟಮ್ಸ್ ದಾಟಿ ಬರುವಷ್ಟರಲ್ಲಿ ಜೆಲ್ ಪ್ಯಾಕ್ ನೀರಾಗಿತ್ತು. ಪುಣ್ಯಕ್ಕೆ ಆ್ಯಂಟಿಬಾಡಿ ಕೆಟ್ಟಿರಲಿಲ್ಲ.

ತರಿಸುವವರಿಗೆ ಒಂದು ಮಾತು. ಆ್ಯಂಟಿಬಾಡಿಗಳಲ್ಲೂ ಜಾತಿಗಳಿವೆ, ಇದು ಐಜಿಜಿ2ಎ ಜಾತಿಯದು. ಐಜಿಜಿ1 ಜಾತಿಯ ಇನ್ನೊಂದು ಇಲಿ ಆ್ಯಂಟಿಬಾಡಿ ಜೊತೆ ಒಂದೇ ಸ್ಲೈಡಿಗೆ ಹಾಕಬಹುದು. ಜಾತಿ ನೋಡಿ ಹಿಡಿಯುವ ಸೆಕೆಂಡರಿಯನ್ನೂ ಅದೇ ಆರ್ಡರಿನಲ್ಲಿ ಸೇರಿಸಿಬಿಡಿ, ಇನ್ನೊಂದು ಸಲ ಕಸ್ಟಮ್ಸ್ ಕಾಯುವುದು ತಪ್ಪುತ್ತದೆ.